ಹೆಬ್ಬೆರಳಿನ ಮೇಸ್ತ್ರಿಗಳು

1941ರಲ್ಲಿ ಹರಿಹರದಲ್ಲಿ ಸ್ಥಾಪಿತವಾಗಿ, ದೇಶಕ್ಕೆಲ್ಲ ಲೇಥುಗಳನ್ನು ಒದಗಿಸಿ, ಕಡೆಗೆ ಬಾಗಿಲು ಮುಚ್ಚಿದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯು ಪಳಗಿಸಿಬಿಟ್ಟ ಮೇಸ್ತ್ರಿಗಳ ವಂಶವು ದಾವಣಗೆರೆ ಹರಿಹರಗಳ ಸಣ್ಣ ಶೆಡ್ಡುಗಳಲ್ಲಿ ಇನ್ನೂ ನಿರ್ವಂಶವಾಗಿಲ್ಲ. ಜೇಬಿನಲ್ಲಿ ವರ್ನಿಯರ್, ಮೂಗಿನ ತುದಿಗೆ ಜಾರಿದ ಕನ್ನಡಕ, ಸಕಲ ಚರಾಚರ ವಸ್ತುಗಳ ಮೇಲೂ ತೀರ್ಪು ಕೊಡಬಲ್ಲ ಬಲಗೈ ಹೆಬ್ಬೆರಳಿನ ಉಗುರು, ಇವು ಈ ಕುಲದ ಲಾಂಛನಗಳು. ಬೆಣ್ಣೆದೋಸೆ ಮುಂದೆ ಬಂದರೆ ಇವರು ಮೊದಲು ತಟ್ಟೆಯ ಅಂಚನ್ನು ಸವರುವರು. ಹರಿಹರೇಶ್ವರನ ದರ್ಶನಕ್ಕೆ ಹೋದರೆ, 1224ರ ಸುಮಾರಿಗೆ ಹೊಯ್ಸಳರ ದಂಡನಾಯಕ ಪೊಲಾಳ್ವನು ಕಟ್ಟಿಸಿದ ಆ ಗುಡಿಯ ಕಡೆದ ಕಂಬಗಳಿಗೆ ಉಗುರು ತಾಗಿಸಿ, "ಟೂಲು ಅದುರಿಲ್ಲ ನೋಡ್ರಿ" ಎಂದು ಪ್ರಶಸ್ತಿಪತ್ರವನ್ನು ದಯಪಾಲಿಸಿದ ಮೇಲೆಯೇ ಗರ್ಭಗುಡಿಯತ್ತ ತಿರುಗುವರು.

ಉಕ್ಕಿನೊಡನೆ ಆಯುಷ್ಯ ಸವೆಸಿದ ಇಂಥವರೊಬ್ಬರ ಮುಂದೆ, ಗೌರಿಹುಣ್ಣಿಮೆಗೆ ಬೀಗರ ಮನೆಗೆ ಹೋಗುವ ಸಕ್ಕರೆ ಆರತಿಗೆ ಆನೆ, ತೇರು, ಬಸವಣ್ಣಗಳನ್ನು ಎರೆಯುವ ಮಿಠಾಯಿಯವನು, ತಾತನ ಕಾಲದ ಸಾಗುವಾನಿ ಅಚ್ಚುಗಳು ಸೀಳು ಬಿಟ್ಟವೆಂದು, ಡೆಲ್ರಿನ್ ಪ್ಲಾಸ್ಟಿಕ್ಕಿನ ಬಿಳಿಯ ಗಟ್ಟಿಯೊಂದನ್ನು ತಂದಿಟ್ಟನು. "ಇದೇನು, ಬೆಣ್ಣಿ ಕೊಯ್ಯಾಕೆ ನಾನೇ ಬೇಕೇನು?" ಎಂದು ಮೇಸ್ತ್ರಿಗಳು ಮೂಗು ಮುರಿದರು. ಆದರೆ ಉಕ್ಕಿನಲ್ಲಿ ಸುರುಳಿಯೊಡನೆ ಹಾರಿಹೋಗುವ ಶಾಖವು, ಶಾಖವನ್ನು ಹರಿಯಗೊಡದ ಪ್ಲಾಸ್ಟಿಕ್ಕಿನಲ್ಲಿ ಕಟರಿನ ಬಾಯಲ್ಲೇ ಠಾಣ್ಯ ಹೂಡಿ, ಅಲಗು ತುಸು ಮೊಂಡಾದರೂ ಕೊರೆಯುವುದನ್ನು ಬಿಟ್ಟು ಉಜ್ಜಿ, ಮೆತ್ತಗಾಗಿಸಿ, ಅಂಚಿಗೆಲ್ಲ ನಾರು ಎಬ್ಬಿಸುವುದೆಂಬ ಸತ್ಯವು ಅವರಿಗೆ ಅಂದೇ ಸಂಜೆ ಗೋಚರವಾಯಿತು. ಅಲ್ಲಿಂದ ತಪಸ್ಸು ಮೊದಲಾಯಿತು: ಕ್ಷೌರದ ಕತ್ತಿಯಂತೆ ಮಸೆದ ಅಲಗು, ಒಂದೆಡೆ ನಿಲ್ಲಗೊಡದ ಓಟ, ತಿನ್ನುವ ವಸ್ತುವಿನ ಅಚ್ಚಾದ್ದರಿಂದ ಎಣ್ಣೆಗೆ ಬದಲು ಬರಿಯ ಗಾಳಿಯ ಊದು. ಉಪ್ಪುಕಾಗದವಂತೂ ನಿಷಿದ್ಧ; ಅದರ ಕಣ ಮೆತ್ತನೆಯ ಮೈಯಲ್ಲಿ ಹೂತು, ಸೊಸೆಯಾಗಿ ಬರಬೇಕಾದವಳ ಹಲ್ಲಿಗೆ ಸಿಕ್ಕರೆ ಬೀಗತನದ ಗತಿಯೇನು?

"ಮೇಸ್ತ್ರಿ, ನಾಡಿದ್ದೇ ಹುಣ್ಣಿಮಿ. ಆನಿ ಸೊಂಡ್ಲದಾಗ ಬೆರಳಿಟ್ಟು ಯಾರು ನೋಡ್ತಾರ್ರೀ?"

"ಪಾಕ ನೋಡ್ತೈತಿ ತಮ್ಮಾ. ಗೀರಿನಾಗ ಹೊಕ್ಕು ಹಿಡ್ಕಂತಂದ್ರೆ, ಅಚ್ಚು ಬಿಚ್ಚಿದಾಗ ಆನಿ ಈಚಿಗೆ, ಸೊಂಡ್ಲು ಒಳಗ."

ಹುಣ್ಣಿಮೆ ಬಂದು ಹೋಯಿತು. ಬೀಗರ ಮನೆಗೆ ಹೊರಟ ಆನೆಗಳೆಲ್ಲ ದಾರ ಬಿಗಿದ ಸಾಗುವಾನಿಯ ಸೀಳಿನಲ್ಲೇ ಜನ್ಮವೆತ್ತಿದವು. ವಾರ ಕಳೆದು ಅಚ್ಚನ್ನು ಹೊತ್ತು ಬಂದ ಮೇಸ್ತ್ರಿಗಳು ತಾವೇ ನಿಂತು ಪಾಕ ಹೊಯ್ಯಿಸಿದರು. ಆನೆಯು ಸೊಂಡಿಲು, ಕಿವಿ, ದಂತಗಳ ಸಮೇತ ಜಾರಿ ಅಂಗೈಗೆ ಬಿದ್ದಿತು. ಮಿಠಾಯಿಯವನು ಆನಂದದಿಂದ ಗಲ್ಲೆಯನ್ನು ತೆರೆಯುವಷ್ಟರಲ್ಲಿ ಮೇಸ್ತ್ರಿಗಳು, "ಬಾಲದ ಬುಡದಾಗ ಏನೋ ಐತಿ ಬಿಡು" ಎಂದು ಗೊಣಗಿ, ಅಚ್ಚನ್ನು ಮತ್ತೆ ಚೀಲಕ್ಕೆ ಇಳಿಸಿ ಹರಿಹರದ ಬಸ್ಸು ಹತ್ತಿದರು.