ಮೇಲ್ಭಾಗದ ವೇದಾಂತಿಗಳು

ಗಂಗಾವತಿ–ಕಾರಟಗಿ ಸೀಮೆಯ ಸಿದ್ದಾಪುರದ ಯಾವುದೇ ಚಹಾದಂಗಡಿಯ ಬಾಕಿನ ಮೇಲೆ ಕೂತು "ನಮಗ ಅನ್ಯಾಯ ಆಗೈತ್ರಿ" ಎಂದು ಒಮ್ಮೆ ಹೇಳಿ ನೋಡಿ. ಎಂಥ ಅನ್ಯಾಯ, ಯಾರಿಂದ, ಯಾವತ್ತು ಎಂದು ಯಾರೂ ಕೇಳುವುದಿಲ್ಲ. ಅರ್ಧ ಕಪ್ ಚಹಾ ಇಳಿಯುವುದರೊಳಗೆ ತೀರ್ಪು ಬಂದಿರುತ್ತದೆ: "ಐದೂ ಬೆರಳು ಸಮ ಇರ್ತಾವೇನ್ರಿ?" ಕೋರ್ಟಿನಲ್ಲಿ ಹತ್ತು ವರ್ಷ ಹಿಡಿಯುವ ಕೆಲಸ ಇಲ್ಲಿ ಒಂದು ನಿಮಿಷಕ್ಕೆ ಮುಗಿಯುತ್ತದೆ. ವಕೀಲರ ಫೀಜೂ ಉಳಿತಾಯ.

ಈ ಗಾದೆ ಹೇಳುವವರೆಲ್ಲ ನಡುಬೆರಳಿನ ಮನೆತನದವರು. ಕಿರುಬೆರಳು ಬಾಯಿಬಿಟ್ಟು ಇದನ್ನು ಹೇಳಿದ್ದು ಈವರೆಗೆ ದಾಖಲಾಗಿಲ್ಲ. ಅಲ್ಲದೆ, ಕೈಯ ಬೆರಳುಗಳು ಗಿಡ್ಡ–ಉದ್ದ ಇದ್ದರೂ ಕಿರುಬೆರಳಿಗೆ ಹರಿಯಬೇಕಾದ ರಕ್ತವನ್ನು ನಡುಬೆರಳು ದಾರಿಯಲ್ಲೇ ಒಡ್ಡು ಕಟ್ಟಿ ನಿಲ್ಲಿಸಿಕೊಳ್ಳುವುದಿಲ್ಲ. ಆ ಕಲೆ ಗೊತ್ತಿರುವುದು ಕಾಲುವೆಗುಂಟ ಇರುವ ನಮಗೆ ಮಾತ್ರ.

ವೇದಾಂತ ಇಲ್ಲಿ ಇಷ್ಟು ಹುಲುಸಾಗಿ ಬೆಳೆಯಲು ಕಾರಣ ನೀರಾವರಿ. ಮುನಿರಾಬಾದಿನ ತುಂಗಭದ್ರಾ ಅಣೆಕಟ್ಟಿನಿಂದ ಹೊರಡುವ ಎಡದಂಡೆ ಕಾಲುವೆ ಗಂಗಾವತಿ, ಕಾರಟಗಿ, ಸಿಂಧನೂರು ದಾಟಿ ಮಾನ್ವಿ, ಸಿರವಾರ, ರಾಯಚೂರಿನ ಕಡೆಗೆ 227 ಕಿಲೋಮೀಟರ್ ಹೋಗುತ್ತದೆ. ಹೋಗುವುದು ಕಾಲುವೆ. ನೀರು ಎಲ್ಲಿಯವರೆಗೆ ಹೋಗುತ್ತದೆ ಎನ್ನುವುದು ಬೇರೆ ಪ್ರಶ್ನೆ. ಯೋಜನೆ ಮಾಡಿದವರ ಲೆಕ್ಕದಲ್ಲಿ ಇದು ಬರದ ಸೀಮೆ. ಇದ್ದ ನೀರನ್ನು ತೆಳ್ಳಗೆ ಹರಡಿ ಆದಷ್ಟು ಹೆಚ್ಚು ಜಮೀನು ಮುಟ್ಟಿಸಬೇಕು, ಬಹುಪಾಲು ಕಡೆ ಜೋಳ, ಹತ್ತಿ, ಶೇಂಗಾ ಬೆಳೆಯಬೇಕು, ಭತ್ತ ಏನಿದ್ದರೂ ಗುರುತು ಮಾಡಿಕೊಟ್ಟ ಸ್ವಲ್ಪ ಜಾಗದಲ್ಲಿ. ಮೇಲ್ಭಾಗದವರ ಲೆಕ್ಕ ಇದಕ್ಕಿಂತ ಚಿಕ್ಕದು: ಸೋನಾ ಮಸೂರಿ. ಗಂಗಾವತಿ ಸೀಮೆ ಭತ್ತದ ಕಣಜವಾಯಿತು, ಕಾರಟಗಿಯಲ್ಲಿ ಅಕ್ಕಿ ಗಿರಣಿಗಳು ಎದ್ದವು, ಕಾಲುವೆಯ ಕೊನೆಗಿರುವ ಟೇಲೆಂಡಿನ ಮಾನ್ವಿ ಕಡೆಯ ರೈತ ಒಣಗಿದ ಉಪಕಾಲುವೆಯಲ್ಲಿ ನಿಂತು ಪತ್ರಿಕೆಯವರಿಗೆ ಫೋಟೊ ಕೊಡುವುದನ್ನು ಕಲಿತ.

ಅವನ ರಸ್ತೆ ತಡೆಯ ಸುದ್ದಿ ಓದಿ ನಮ್ಮ ಬಾಕಿನ ಮೇಲಿನವರು ನಿಜವಾಗಿಯೂ ಮರುಗುತ್ತಾರೆ. "ಪಾಪ, ಪಡಕೊಂಡ ಬಂದಿಲ್ಲ ಬಿಡ್ರಿ. ಟೇಲೆಂಡಿನಾಗ ಹುಟ್ಟ್ಯಾರ, ಯಾರೇನು ಮಾಡಾಕ ಬರ್ತೈತಿ?" ಮೇಲಿದ್ದವರಿಗೆ ಮೊದಲು ಸಿಗುವುದು ನಿಸರ್ಗ ನಿಯಮವಂತೆ. ಆ ನಿಯಮಕ್ಕೂ ವಿನಾಯಿತಿ ಉಂಟು. ಕಾಲುವೆಗೆ ಪಂಪ್‌ಸೆಟ್ ಹಚ್ಚಿದ ಕಡೆ ನೀರು ಕೆಳಗಿನಿಂದ ಮೇಲಕ್ಕೂ ಏರುತ್ತದೆ, ಅಚ್ಚುಕಟ್ಟಿನಲ್ಲೇ ಇಲ್ಲದ ಹೊಲದಲ್ಲೂ ನಾಟಿಯಾಗುತ್ತದೆ. ಜಿಲ್ಲಾಡಳಿತ ದಂಡೆಗುಂಟ ನಿಷೇಧಾಜ್ಞೆ ಹಾಕಿ ಆ ಪಂಪ್‌ಸೆಟ್ ಕಿತ್ತಿಸಿತೋ, ವೇದಾಂತಿ ಮೋಟರ್‌ಸೈಕಲ್ ಹತ್ತಿ ನಾಯಕರ ಮನೆಗೆ ಹೊರಟ. "ಸಾಹೇಬ್ರ, ರೈತರಿಗೆ ಅನ್ಯಾಯ ಆಗೈತ್ರಿ!" ಸಾಹೇಬರು ಅವನಿಗೆ ಹಣೆಬರಹದ ಮಾತು ಹೇಳುವುದಿಲ್ಲ. ಅಧಿಕಾರಿಗೆ ಫೋನ್ ಮಾಡುತ್ತಾರೆ.

ಈ ಕಾಲುವೆಯ ನೀರು ಹೇಗೆ ಹಂಚಿಹೋಗುತ್ತದೆ ಎಂದು ನೆದರ್ಲೆಂಡ್ಸ್‌ನ ಪೀಟರ್ ಮೊಲಿಂಗಾ ಇಲ್ಲಿಗೇ ಬಂದು ಅಧ್ಯಯನ ಮಾಡಿದರು. 1998ರಲ್ಲಿ ಅವರಿಗೆ ವಾಖನಿಂಗನ್ ವಿಶ್ವವಿದ್ಯಾಲಯದ ಡಾಕ್ಟರೇಟ್ ಆಯಿತು, ಆಮೇಲೆ ಪುಸ್ತಕವೂ ಬಂತು. ಟೇಲೆಂಡಿನ ದೂರು ವಿದೇಶದ ಲೈಬ್ರರಿ ಸೇರಿತು. ನೀರು ಇನ್ನೂ ದಾರಿಯಲ್ಲಿದೆ.

2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟಿನ 19ನೇ ಗೇಟು ಕೊಚ್ಚಿಹೋಯಿತು. ಮರುದಿನ ಸಿದ್ದಾಪುರವೂ ಟೇಲೆಂಡ್! ಹೊಳೆಗೆ ಹರಿದುಹೋಗುತ್ತಿದ್ದ ನೀರು ನೋಡಿ ಯಾರ ಬಾಯಲ್ಲೂ ವೇದಾಂತ ಬರಲಿಲ್ಲ. ಗೇಟಿನ ಸರಪಳಿ ಕಡಿದದ್ದು ಹೇಗೆ, ನೋಡಿಕೊಳ್ಳಬೇಕಾದವರು ಏನು ಮಾಡುತ್ತಿದ್ದರು, ತುಂಗಭದ್ರಾ ಬೋರ್ಡಿನವರೋ ಸರ್ಕಾರವೋ, ಎರಡನೇ ಬೆಳೆಯ ಗತಿಯೇನು? ಎಲ್ಲವೂ ಅಚ್ಚುಕಟ್ಟಾದ, ಉತ್ತರ ಬೇಡುವ ಪ್ರಶ್ನೆಗಳೇ. ಗೇಟು ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಒಂದು ವಾರದಲ್ಲಿ ತಾತ್ಕಾಲಿಕ ಗೇಟು ಕೂತಿತು. ಅನ್ಯಾಯವನ್ನು ಅನ್ಯಾಯ ಎಂದು ಒಪ್ಪಿಕೊಂಡರೆ ಕಬ್ಬಿಣವನ್ನೂ ಹರಿಯುವ ನೀರಿನಲ್ಲಿ ಇಳಿಸಬಹುದು. ಮಾನ್ವಿಯ ತೂಬಿನ ಮುಂದೆ ಮಾತ್ರ ನಮ್ಮ ಎಂಜಿನಿಯರಿಂಗ್ ಕರ್ಮಸಿದ್ಧಾಂತಕ್ಕೆ ಶರಣಾಗುತ್ತದೆ.

ನಮಗೆ ದೂರು ಹೇಳಲು ಬರುವುದಿಲ್ಲ ಎಂದೇನಿಲ್ಲ. ಬೆಂಗಳೂರಿನ ಕಡೆ ಮುಖ ಮಾಡಿ ನಿಂತರೆ ನಮ್ಮಂಥ ವಾಗ್ಮಿಗಳಿಲ್ಲ. 2002ರಲ್ಲಿ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ರಾಜ್ಯದ ಅತ್ಯಂತ ಹಿಂದುಳಿದ ತಾಲ್ಲೂಕುಗಳೆಂದು 39ನ್ನು ಗುರುತಿಸಿತು. ಅದರಲ್ಲಿ 21 ಕಲಬುರಗಿ ವಿಭಾಗದವು. ಆ ವರದಿ ಹಿಡಿದು ಓಡಾಡಿದೆವು, ಈ ಭಾಗಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371(ಜೆ) ವಿಧಿ ತಂದೆವು, ಅದು ಜಾರಿಯಾಗುವಷ್ಟರಲ್ಲಿ 2013 ಬಂದಿತ್ತು. ಅಲ್ಲಿಯವರೆಗೆ ರಾಜಧಾನಿಯಲ್ಲಿ ಕೇಳಿದ ಮಾತು: "ಆ ಕಡೆಯವರದು ಯಾವಾಗಲೂ ಗೋಳೇ. ದುಡಿದರೆ ತಾನೇ ಮುಂದೆ ಬರೋದು?" ಈ ಮಾತಿಗೆ ನಮ್ಮ ಮೈಯೆಲ್ಲ ಉರಿಯುತ್ತದೆ. ಉರಿದ ಮೈಯಲ್ಲೇ ವಾಪಸು ಬಂದು ಟೇಲೆಂಡಿನವನಿಗೆ ಅದನ್ನೇ ಹೇಳುತ್ತೇವೆ, ಅಕ್ಷರವೂ ಬದಲಿಲ್ಲ. ಮೇಲೆ ನೋಡುವಾಗ ಹೋರಾಟಗಾರ, ಕೆಳಗೆ ನೋಡುವಾಗ ಸನ್ಯಾಸಿ. ಒಬ್ಬನೇ ಮನುಷ್ಯ, ಕತ್ತು ತಿರುಗಿದ್ದಷ್ಟೇ ವ್ಯತ್ಯಾಸ.

ಅಮೆರಿಕದ ಮನೋವಿಜ್ಞಾನಿ ಮೆಲ್ವಿನ್ ಲರ್ನರ್ ಸಿದ್ದಾಪುರಕ್ಕೆ ಬಂದವರಲ್ಲ, ಆದರೂ 1966ರಲ್ಲೇ ನಮ್ಮನ್ನು ಹಿಡಿದುಬಿಟ್ಟರು. ಉತ್ತರ ತಪ್ಪಿದಾಗಲೆಲ್ಲ ಹೆಂಗಸೊಬ್ಬಳಿಗೆ ಕರೆಂಟು ಹೊಡೆಸುವಂತೆ ನಟನೆ ಮಾಡಿಸಿ, ನೋಡುತ್ತಿದ್ದವರ ಅಭಿಪ್ರಾಯ ಕೇಳಿದರು. ಅವಳ ಸಂಕಟ ನಿಲ್ಲಿಸುವ ಅವಕಾಶ ಇದ್ದವರು ಅವಳನ್ನು ಅಷ್ಟಾಗಿ ಜರೆಯಲಿಲ್ಲ. ಅದು ಮುಂದುವರಿಯುತ್ತದೆ, ತಮ್ಮ ಕೈಯಲ್ಲಿ ಏನೂ ಇಲ್ಲ ಎಂದುಕೊಂಡವರು ಅವಳಲ್ಲೇ ಕೊರತೆ ಹುಡುಕಿದರು. ಲೋಕ ನ್ಯಾಯವಾಗಿಯೇ ನಡೆಯುತ್ತಿದೆ ಎಂಬ ನಂಬಿಕೆ ಬಿಟ್ಟರೆ ರಾತ್ರಿ ನಿದ್ದೆ ಬರುವುದಿಲ್ಲ, ಹಾಗಾಗಿ ಪೆಟ್ಟು ತಿಂದವರೇ ತಪ್ಪಿತಸ್ಥರಾಗಬೇಕು. ನಾವು ಲರ್ನರ್ ಅವರಿಗಿಂತ ಒಂದು ಹೆಜ್ಜೆ ಮುಂದೆ: ಸ್ವಿಚ್ಚು ನಮ್ಮ ಕೈಯಲ್ಲೇ ಇದ್ದಾಗಲೂ ಏನೂ ಇಲ್ಲ ಎನ್ನುತ್ತೇವೆ.

ಹಾಗೆಂದು ಅನ್ಯಾಯದ ಲೆಕ್ಕ ಹಾಕುವುದು ನಮಗೆ ತಿಳಿಯದ ವಿದ್ಯೆಯಲ್ಲ. 2021ರ ಸೆಪ್ಟೆಂಬರಿನಲ್ಲಿ ಕುಷ್ಟಗಿ ತಾಲ್ಲೂಕಿನ ಮಿಯಾಪುರದಲ್ಲಿ ದಲಿತ ಕುಟುಂಬವೊಂದು ಮಗುವಿನ ಎರಡನೇ ಹುಟ್ಟುಹಬ್ಬಕ್ಕೆಂದು ಹನುಮಪ್ಪನ ಗುಡಿಯ ಹೊರಗೆ ಕೈಮುಗಿಯಲು ನಿಂತಿತ್ತು. ಮಳೆ ಹನಿಯಿತು, ಮಗು ಒಳಗೆ ಓಡಿತು. ದೇವರಿಗೆ ಆದ ಅನ್ಯಾಯಕ್ಕೆ ಊರಿನ ಕೆಲವರು ಶುದ್ಧೀಕರಣದ ಖರ್ಚೆಂದು 25,000 ರೂಪಾಯಿ ಕೇಳಿದರು. ಎಷ್ಟು ಕರಾರುವಾಕ್ಕಾದ ಲೆಕ್ಕ! ದೂರು ಹೊರಗೆ ಬಂದು, ಪೊಲೀಸರು ಊರಿಗೆ ಬಂದು ಕೆಲವರನ್ನು ಹಿಡಿದ ಮೇಲೆ "ಸಣ್ಣ ಮಾತನ್ನ ದೊಡ್ಡದು ಮಾಡ್ಯಾರ" ಎನ್ನುವ ಬುದ್ಧಿವಂತರಿಗೆ ಬರವಿರುತ್ತದೆಯೇ?

ಗಂಗಾವತಿ ತಾಲ್ಲೂಕಿನ ಮರಕುಂಬಿಯದೂ ಸಣ್ಣ ಮಾತೇ: ಕ್ಷೌರದಂಗಡಿಯಲ್ಲಿ ಕ್ಷೌರ, ಹೋಟೆಲಿನಲ್ಲಿ ಚಹಾ. ದಲಿತರು ಇವೆರಡನ್ನು ಕೇಳಿದ ಊರಿನಲ್ಲಿ 2014ರ ಆಗಸ್ಟಿನಲ್ಲಿ ಅವರ ಮನೆಗಳಿಗೆ ಬೆಂಕಿ ಬಿತ್ತು. ಹತ್ತು ವರ್ಷದ ಮೇಲೆ, 2024ರ ಅಕ್ಟೋಬರ್ 24ರಂದು, ಕೊಪ್ಪಳದ ನ್ಯಾಯಾಲಯ 98 ಜನರಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಶಿಕ್ಷೆಯಾದವರು ಹೈಕೋರ್ಟಿಗೆ ಹೋದರು, ಬಹಳಷ್ಟು ಜನರಿಗೆ ಜಾಮೀನೂ ಸಿಕ್ಕಿತು. ಅದು ಅವರ ಹಕ್ಕು, ಪ್ರಶ್ನೆಯಿಲ್ಲ. ಆದರೆ "ಎಲ್ಲಾ ಪಡಕೊಂಡ ಬಂದದ್ದು, ಮೇಲ್ಮನವಿ ಯಾಕ ಬೇಕ್ರಿ, ಹೊಂದಕೊಂಡ ಹೋಗ್ರಿ" ಎಂದು ಅವರಿಗೆ ಸಮಾಧಾನ ಹೇಳಿದ ಹಿರಿಯರು ಯಾರಾದರೂ ಇದ್ದರೆ ನನಗೆ ತಿಳಿಸಿ, ಬಂದು ಕಾಲಿಗೆ ಬೀಳುತ್ತೇನೆ.

ಈಗ ನಾಟಿ ಸಮಯ. ಬದುವಿನ ಮೇಲೆ ಛತ್ರಿ ಹಿಡಿದು ನಿಂತ ಗೌಡರು ಫೋನಿನಲ್ಲಿ ಭತ್ತದ ರೇಟು ಬಿದ್ದದ್ದು, ಗೊಬ್ಬರದ ರೇಟು ಏರಿದ್ದು, ಸರ್ಕಾರ ಕೈಬಿಟ್ಟದ್ದು ಎಲ್ಲವನ್ನೂ ಹೇಳಿ ಮುಗಿಸುತ್ತಾರೆ. ಕೆಸರಿನಲ್ಲಿ ಬಗ್ಗಿದ ಹೆಣ್ಣುಮಕ್ಕಳ ಸಾಲಿನಿಂದ ಒಬ್ಬಾಕೆ ನಡು ನೆಟ್ಟಗೆ ಮಾಡಿ, ಈ ಸಲ ಎಕರೆಗೆ ಕೂಲಿ ಹೆಚ್ಚು ಮಾಡಬೇಕು ಎನ್ನುತ್ತಾಳೆ. ಗೌಡರ ಮುಖದಲ್ಲಿ ತಟ್ಟನೆ ಶಾಂತಿ ನೆಲೆಸುತ್ತದೆ. "ಏನವ್ವ, ಆಸಿಗೆ ಕೊನಿ ಐತೇನು? ಇದ್ದದ್ರಾಗ ಸುಖ ಕಾಣಬೇಕು."

"ಹೌದ್ರಿ ಗೌಡ್ರ. ಹಂಗಂದ್ರ ಈ ಮಡಿ ನೀವ ಮುಗಸ್ರಿ, ಬದುವಿನ ಮ್ಯಾಲೆ ನಿಂತು ನಾವು ಹೇಳ್ತೀವಿ."