ಅಸಲಿ ಪಿಸ್ತೂಲು

(ಟೆಕ್ಸಸ್‌ನಲ್ಲಿ ವಾರಾಂತ್ಯದ ಬಂದೂಕು ಮೇಳ. ಎಚ್‌ಎಂಟಿಯಲ್ಲಿ ಫಿಟ್ಟರ್ ಆಗಿದ್ದು ನಿವೃತ್ತರಾದ ಮಾವ, ಸಾಫ್ಟ್‌ವೇರ್ ಅಳಿಯ. ಮೇಜಿನ ಮೇಲೆ ಸಾಲು ಸಾಲು ಪಿಸ್ತೂಲು.)

ಅಳಿಯ: ನೋಡಿ ಮಾವ, 1911! ಜಾನ್ ಬ್ರೌನಿಂಗ್ ಡಿಸೈನು. ಅಮೆರಿಕದ ಸೈನ್ಯ 1985ರ ತನಕ ಇದನ್ನೇ ಸೊಂಟಕ್ಕೆ ಸಿಕ್ಕಿಸ್ಕೊಂಡಿತ್ತು. ಎರಡು ಮಹಾಯುದ್ಧ ಕಂಡಿದೆ.

ಮಾವ: (ಕನ್ನಡಕ ಏರಿಸಿ) ಇದು ಒಂದೂ ಕಂಡಿಲ್ಲ ಅಳಿಯಂದ್ರೇ. ಇಲ್ಲಿ ‘ಟರ್ಕಿ’ ಅಂತ ಕೆತ್ತಿದ್ದಾರೆ.

ಅಳಿಯ: ಟ್ರಾಬ್ಜಾನ್ ಊರಿನ ಟಿಸಾಸ್ ಕಂಪನಿ ಕಾಪಿ ಮಾವ. ಪೇಟೆಂಟ್ ಅವಧಿ ಎಂದೋ ಮುಗೀತು, ಯಾರು ಬೇಕಾದ್ರೂ ಮಾಡಬಹುದು. ಪಕ್ಕದ್ದು ಫಿಲಿಪೀನ್ಸ್‌ದು. ಅಲ್ಲಿನ ಮೋರೋ ಜನರ ಜೊತೆ ಕಾದಾಡುವಾಗಲೇ .38 ರಿವಾಲ್ವರು ಸಾಲದು ಅಂತ ಅಮೆರಿಕದವರು ಇಂಥ .45 ಗುಂಡಿನದು ಬೇಕು ಅಂದಿದ್ದು.

ಮಾವ: ಗುಂಡು ತಿಂದ ಊರಿನವರೇ ಈಗ ಮಾಡಿ ಮಾರ್ತಾರೆ ಅನ್ನಿ. ಭೇಷ್! (ಬೆರಳಿಂದ ಸವರಿ) ಇದು ಪೇಂಟಲ್ಲ, ಫಾಸ್ಫೇಟಿಂಗು. ಎಣ್ಣೆ ಚೆನ್ನಾಗಿ ಹಿಡ್ಕೊಳ್ಳುತ್ತೆ. ಹಿಡಿ ಕೆಳಗೆ ಈ ಬಳೆ ಯಾಕೆ?

ಅಳಿಯ: ಕುದುರೆ ಸವಾರರಿಗೆ ಅಂತ. ಅದಕ್ಕೆ ದಾರ ಕಟ್ಟಿದ್ರೆ, ಕೈ ಜಾರಿದ್ರೂ ಪಿಸ್ತೂಲು ಕೆಳಗೆ ಬೀಳಲ್ಲ.

ಮಾವ: ನಿಮ್ಮ ಕುದುರೆ ಎಲ್ಲಿ ಕಟ್ಟಿದೀರಿ?

ಅಳಿಯ: ತಮಾಷೆ ಬೇಡ ಮಾವ. ಹಳೇದರಲ್ಲಿ ಇತ್ತು, ಅದಕ್ಕೆ ಇದರಲ್ಲೂ ಇದೆ. ಇದು ನಾನೂರು ಡಾಲರ್ ಆಸುಪಾಸು. ಅಸಲಿ ಬೇಕಂದ್ರೆ ಸಾವಿರಗಟ್ಟಲೆ ಸುರೀಬೇಕು.

ಮಾವ: ಅಸಲಿ ಅಂದ್ರೆ ಯಾರು ಮಾಡಿದ್ದು?

ಅಳಿಯ: ಕೋಲ್ಟ್. ಆದ್ರೆ ಆ ಕಂಪನೀನ 2021ರಲ್ಲಿ ಜೆಕ್ ದೇಶದವರು ಕೊಂಡ್ಕೊಂಡ್ರು. ಎರಡನೇ ಯುದ್ಧದಲ್ಲಿ ಕೋಲ್ಟ್‌ಗಿಂತ ಜಾಸ್ತಿ ಮಾಡಿದ್ದು ರೆಮಿಂಗ್ಟನ್ ರ‍್ಯಾಂಡ್.

ಮಾವ: ಟೈಪ್‌ರೈಟರ್‌ನವರಾ?

ಅಳಿಯ: ಅವರೇ. ರೈಲ್ವೆ ಸಿಗ್ನಲ್ ಕಂಪನಿಯವರೂ ಮಾಡಿದ್ರು. ಎಲ್ಲಕ್ಕಿಂತ ದುಬಾರಿ ಅಂದ್ರೆ ಸಿಂಗರ್. ಬರೀ 500 ಮಾಡಿ, ನಿಲ್ಲಿಸಿಬಿಟ್ರು. ಈಗ ಹರಾಜಲ್ಲಿ ಒಂದಕ್ಕೆ ಲಕ್ಷ ಡಾಲರ್ ದಾಟಿದ್ದೂ ಉಂಟು.

ಮಾವ: ಸಿಂಗರ್? ನಿಮ್ಮತ್ತೆ ರವಿಕೆ ಹೊಲಿಯೋ ಸಿಂಗರ್ರಾ?

ಅಳಿಯ: ಹ್ಞೂಂ, ಅದೇ ಸಿಂಗರ್.

ಮಾವ: ರವಿಕೆಯವರು ಮಾಡಿದ್ದು ಅಸಲಿ, ಪಿಸ್ತೂಲು ಕಾರ್ಖಾನೆಯವರು ಮಾಡಿದ್ದು ನಕಲಿ! (ಖಾಲಿ ಇದೆಯೇ ಎಂದು ಮಾರುವವನಿಂದ ಖಚಿತಪಡಿಸಿಕೊಂಡು, ಸ್ಲೈಡ್ ಎಳೆದು ಬಿಟ್ಟು) ಫಿಟ್ಟಿಂಗ್‌ಗೆ ಹೆಸರಿಡೋ ಹಾಗಿಲ್ಲ ಕಣ್ರೀ. ತಗೊಳ್ಳಿ.

ಅಳಿಯ: ತಗೋಬಹುದು. ಮನೇಲಿ ಏನಂತ ಹೇಳೋದು?

ಮಾವ: ಸಿಂಗರ್‌ನವರು ಮಾಡ್ತಿದ್ದ ಮಾಲು, ಸೋವಿಗೆ ಸಿಕ್ತು ಅನ್ನಿ. ಹೊಲಿಗೆ ಮಿಷನ್ನು ಅಂದ್ಕೊಳ್ತಾಳೆ.

ಅಳಿಯ: ಡಬ್ಬ ತೆಗೆದು ನೋಡಿದ ಮೇಲೆ?

ಮಾವ: ನನಗೆ ಗುರುವಾರ ಬೆಂಗಳೂರಿಗೆ ಟಿಕೆಟ್ ಇದೆ. ನಿಮಗೇ ಕಷ್ಟ.