ಸೊಪ್ಪು-ಸೋಪು

(2020ರ ಏಪ್ರಿಲ್, ಲಾಕ್‌ಡೌನ್. ಬೆಂಗಳೂರಿನ ಅಕ್ಕಪಕ್ಕದ ಎರಡು ಬಾಲ್ಕನಿಗಳು.)

ರಾಯರು: ಏನು ಪದ್ಮಮ್ಮನವರೇ, ಏನೋ ವಾಸನೆ?

ಪದ್ಮಮ್ಮ: ವಾಸನೆ ಗೊತ್ತಾಯ್ತಾ? ಸದ್ಯ, ನಿಮಗೆ ಕೊರೊನಾ ಇಲ್ಲ ಬಿಡಿ! ಕೊತ್ತಂಬರಿ ಸೊಪ್ಪು ರಾಯರೇ.

ರಾಯರು: ತೊಳೆದಿರಲಿಲ್ವಾ?

ಪದ್ಮಮ್ಮ: ಮೂರು ಸಲ! ಸೋಪು, ಉಪ್ಪು, ಅರಿಶಿನ. ಕೊಳೆ ಹೋಗಲಿ ಅಂತ ತೊಳೆದರೆ ಕೊಳೆತೇ ಹೋಯ್ತು.

ರಾಯರು: ಒಣಗಿಸಿ ಫ್ರಿಜ್‌ಗೆ ಇಟ್ಟಿರಿ ತಾನೇ?

ಪದ್ಮಮ್ಮ: ಒದ್ದೆಯಲ್ಲೇ, ಪ್ಲಾಸ್ಟಿಕ್ ಕವರಿಗೆ ಗಂಟು ಹಾಕಿ. ಕ್ವಾರಂಟೈನ್ ಅಂದ್ರೆ ಕ್ವಾರಂಟೈನ್, 14 ದಿನ!

ರಾಯರು: ಟೊಮೆಟೊ?

ಪದ್ಮಮ್ಮ: ನಾಳೆ ಸಿಗಲ್ಲ ಅಂತ ನಮ್ಮನೆಯವರು 10 ಕೆಜಿ ತಂದ್ರು. ಬುಟ್ಟೀಲಿ ಅಂತರ ಕಾಪಾಡ್ಲಿಲ್ಲ, ಒಂದರಿಂದ ಎಲ್ಲಕ್ಕೂ ಅಂಟಿತು.

ರಾಯರು: ಪಾಪ, ಅತ್ತ ರೈತರು ಗಿರಾಕಿ ಇಲ್ದೆ ಹೊಲದಲ್ಲೇ ಸುರಿದರಂತೆ.

ಪದ್ಮಮ್ಮ: ಛೆ! ನಾವು ಹಾಗೆಲ್ಲ ಮಾಡಲ್ಲಪ್ಪ. ಚೆನ್ನಾಗಿ ತೊಳೆದೇ ಸುರಿಯೋದು!